ಚಟ ಬಿಡಿಸುವ ಕೆಲಸದಲ್ಲಿ ಮನೋವೈದ್ಯರು: ಪದೇ ಪದೇ ಕೇಳುವ ಪ್ರಶ್ನೆಗಳು

“ಕುಡಿತ ಬಿಡಿಸೋಕೆ ಒಂದು ಮಾತ್ರೆ ಇದೆಯಂತಲ್ಲ, ಬರೆದುಕೊಡಿ.” ಮನೋವೈದ್ಯರ ಎದುರು ಕೂತ ಮನೆಯವರ ಮೊದಲ ಮಾತು ಬಹಳ ಸಲ ಇದೇ. ಬಂದಿರುವುದು ಹೆಂಡತಿಯೋ, ಅಮ್ಮನೋ, ಅಣ್ಣನೋ. ಕುಡಿಯುವವರು ಮನೆಯಲ್ಲೇ ಇರುತ್ತಾರೆ. ಮಾತ್ರೆ ಇರುವುದು ನಿಜ. ಆದರೆ ಈ ಕೆಲಸದಲ್ಲಿ ಮಾತ್ರೆ ಬರೆಯುವುದು ಒಂದು ಸಣ್ಣ ಭಾಗ. ಉಳಿದದ್ದು ಏನು ಅಂತ ಕೆಳಗೆ ಬರೆದಿದ್ದೇನೆ. ಕುಡಿತದ ಬಗ್ಗೆಯೇ ಜಾಸ್ತಿ ಇದೆ, ಯಾಕಂದರೆ ಜನ ಜಾಸ್ತಿ ಕೇಳುವುದು ಅದನ್ನೇ.

ಚಟಕ್ಕೂ ಮನೋವೈದ್ಯರಿಗೂ ಏನು ಸಂಬಂಧ? ಇವರೇನು ಹುಚ್ಚರಲ್ಲವಲ್ಲ?

ಅಲ್ಲ. ಮನೋವೈದ್ಯರ ಹತ್ತಿರ ಬರುವವರಲ್ಲಿ ಹೆಚ್ಚಿನವರು ನೀವಂದುಕೊಂಡ ಅರ್ಥದಲ್ಲಿ ‘ಹುಚ್ಚರು’ ಅಲ್ಲವೇ ಅಲ್ಲ. ನಿದ್ದೆ ಬಾರದವರು, ಭಯ ಕಾಡುವವರು, ಮನಸ್ಸು ಕುಗ್ಗಿದವರು ಬರುತ್ತಾರೆ. ಹಾಗೆಯೇ ಚಟಕ್ಕೆ ಸಿಕ್ಕವರೂ ಬರುತ್ತಾರೆ.

ಮದ್ಯ, ಸಿಗರೇಟು, ಗಾಂಜಾ, ಹೆರಾಯಿನ್, ನಿದ್ದೆ ಮಾತ್ರೆ, ಇವೆಲ್ಲ ಕೊನೆಗೆ ಹೋಗಿ ಕೆಲಸ ಮಾಡುವುದು ಮೆದುಳಿನಲ್ಲಿ. ಆಸೆ, ನೆನಪು, ನಿದ್ದೆ, ಸಿಟ್ಟು, ತಡೆದುಕೊಳ್ಳುವ ಶಕ್ತಿ, ಎಲ್ಲದರ ಮೇಲೂ ಅವುಗಳ ಕೈವಾಡ ಇರುತ್ತದೆ. ದೇಹವನ್ನೂ ಮನಸ್ಸನ್ನೂ ಒಟ್ಟಿಗೆ ನೋಡಲು ತರಬೇತಿ ಪಡೆದ ವೈದ್ಯರು ಬೇಕಾಗುವುದು ಅದಕ್ಕೇ. ಲಿವರ್ ಕೆಟ್ಟರೆ ಲಿವರ್ ಡಾಕ್ಟರ್ ನೋಡುತ್ತಾರೆ. ಲಿವರ್ ಕೆಟ್ಟಿದ್ದು ಗೊತ್ತಿದ್ದೂ ಇವರು ಯಾಕೆ ಕುಡಿಯುತ್ತಿದ್ದಾರೆ ಅನ್ನೋದನ್ನು ಯಾರು ನೋಡಬೇಕು?

ಇದು ಕಾಯಿಲೆನಾ, ಬರೀ ಕೆಟ್ಟ ಅಭ್ಯಾಸನಾ? ಮನಸ್ಸು ಮಾಡಿದರೆ ಬಿಡಬಹುದಲ್ವಾ?

ಕೆಲವರು ಮನಸ್ಸು ಮಾಡಿಯೇ ಬಿಡುತ್ತಾರೆ, ಯಾರ ಸಹಾಯವೂ ಇಲ್ಲದೆ. ಅಂಥವರನ್ನು ನೀವೂ ನೋಡಿರುತ್ತೀರಿ. ತೊಂದರೆ ಏನೆಂದರೆ, ಅವರನ್ನು ತೋರಿಸಿ “ಅವನು ಬಿಟ್ಟ, ನಿನಗೇನು ಧಾಡಿ” ಅಂತ ಉಳಿದವರನ್ನು ಬೈಯುತ್ತೇವೆ.

1954ರಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ವಿಜ್ಞಾನಿಗಳು ಇಲಿಗಳ ಮೆದುಳಿನ ಒಂದು ಜಾಗಕ್ಕೆ ಸಣ್ಣ ತಂತಿ ಇಟ್ಟರು. ಇಲಿ ತನ್ನೆದುರಿನ ಸನ್ನೆಕೋಲನ್ನು ಒತ್ತಿದರೆ ಅಲ್ಲಿಗೆ ಸ್ವಲ್ಪ ವಿದ್ಯುತ್ ಹೋಗುತ್ತಿತ್ತು. ಇಲಿಗಳು ಬಿಡದೆ ಒತ್ತುತ್ತಲೇ ಹೋದವು. ‘ಇದು ಬೇಕು, ಮತ್ತೆ ಬೇಕು’ ಅನ್ನಿಸುವ ವ್ಯವಸ್ಥೆಯೊಂದು ಮೆದುಳಿನಲ್ಲಿ ಇದೆ ಅನ್ನುವುದಕ್ಕೆ ಅದು ದೊಡ್ಡ ಸುಳಿವು. ಚಟದ ಪದಾರ್ಥಗಳು ಈ ವ್ಯವಸ್ಥೆಯನ್ನೇ ಮೀಟುತ್ತವೆ. ಕಾಲ ಕಳೆದಂತೆ ಖುಷಿ ಕಡಿಮೆಯಾಗುತ್ತದೆ, ‘ಬೇಕು’ ಮಾತ್ರ ಉಳಿಯುತ್ತದೆ. ವರ್ಷಗಟ್ಟಲೆ ಕುಡಿದವರು “ಈಗ ಖುಷಿಗೆ ಕುಡಿಯೋದಲ್ಲ ಡಾಕ್ಟ್ರೇ, ಸರಿಯಾಗಿರೋಕೆ ಕುಡಿಯೋದು” ಅನ್ನುವುದು ಸುಳ್ಳಲ್ಲ.

ಹಾಗಂತ ಅವರಿಗೆ ಜವಾಬ್ದಾರಿಯೇ ಇಲ್ಲ ಅಂತಲ್ಲ. ಸಕ್ಕರೆ ಕಾಯಿಲೆ ಬಂದಿದ್ದು ರೋಗಿಯ ತಪ್ಪಲ್ಲದಿರಬಹುದು, ಆದರೆ ಪಥ್ಯ ಮಾಡಬೇಕಾದವರು ಅವರೇ ತಾನೆ?

ಚಟ ಆಗಿದೆ ಅಂತ ಮನೋವೈದ್ಯರು ಹೇಗೆ ತೀರ್ಮಾನ ಮಾಡುತ್ತಾರೆ?

ಎಷ್ಟು ಕುಡಿಯುತ್ತಾರೆ ಅನ್ನೋದರ ಮೇಲೆ ಮಾತ್ರ ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಮ್-5 ಕೈಪಿಡಿಯಲ್ಲಿ 11 ಲಕ್ಷಣಗಳ ಪಟ್ಟಿ ಇದೆ. ಅಂದುಕೊಂಡದ್ದಕ್ಕಿಂತ ಜಾಸ್ತಿ ಕುಡಿಯುವುದು, ಬಿಡಬೇಕೆಂದರೂ ಆಗದಿರುವುದು, ಕಡುಬಯಕೆ, ಮೊದಲಿನಷ್ಟೇ ಅಮಲಿಗೆ ಈಗ ಹೆಚ್ಚು ಬೇಕಾಗುವುದು, ನಿಲ್ಲಿಸಿದರೆ ನಡುಕ, ಕೆಲಸ ಮತ್ತು ಮನೆ ಹಾಳಾಗುತ್ತಿದ್ದರೂ ಮುಂದುವರಿಸುವುದು, ಹೀಗೆ. ಒಂದು ವರ್ಷದೊಳಗೆ 2 ಅಥವಾ 3 ಲಕ್ಷಣ ಕಂಡರೆ ಸೌಮ್ಯ, 4 ಅಥವಾ 5 ಇದ್ದರೆ ಮಧ್ಯಮ, 6 ಮತ್ತು ಹೆಚ್ಚಿದ್ದರೆ ತೀವ್ರ.

ಇದರಿಂದ ಒಂದು ಒಳ್ಳೆಯದಾಗಿದೆ. ‘ಕುಡುಕ’ ಮತ್ತು ‘ಕುಡುಕನಲ್ಲ’ ಅನ್ನುವ ಎರಡೇ ಖಾನೆ ಈಗ ಇಲ್ಲ. ಬೀದಿಯಲ್ಲಿ ಬೀಳುವ ತನಕ ಕಾಯಬೇಕಿಲ್ಲ. ಎರಡನೇ ಮೆಟ್ಟಿಲಲ್ಲಿ ಇರುವವರೂ ಬಂದು ತೋರಿಸಬಹುದು, ಆಗ ಕೆಲಸವೂ ಸುಲಭ.

ಮನೋವೈದ್ಯರು, ಸೈಕಾಲಜಿಸ್ಟ್, ಕೌನ್ಸೆಲರ್, ಎಲ್ಲ ಒಂದೇ ಅಲ್ವಾ?

ಅಲ್ಲ. ಮನೋವೈದ್ಯರು ಮೊದಲು ವೈದ್ಯಕೀಯ ಓದಿ, ಆಮೇಲೆ ಮನಸ್ಸಿನ ಕಾಯಿಲೆಗಳಲ್ಲಿ ಪರಿಣತಿ ಪಡೆದವರು. ರಕ್ತ ಪರೀಕ್ಷೆ ಮಾಡಿಸುತ್ತಾರೆ, ಔಷಧ ಬರೆಯುತ್ತಾರೆ, ಆಸ್ಪತ್ರೆಗೆ ಸೇರಿಸುತ್ತಾರೆ. ಸೈಕಾಲಜಿಸ್ಟ್‌ಗಳ ಬಲ ಮನಸ್ಸಿನ ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆಯಲ್ಲಿ. ಕೌನ್ಸೆಲರ್ ಮತ್ತು ಸಮಾಜ ಕಾರ್ಯಕರ್ತರು ಮನೆ, ಕೆಲಸ, ಸಾಲ, ಮುರಿದ ಸಂಬಂಧ ಇವನ್ನೆಲ್ಲ ಹಿಡಿದು ನಿಲ್ಲಿಸುತ್ತಾರೆ. ಚಟದ ಚಿಕಿತ್ಸೆಯಲ್ಲಿ ಇವರೆಲ್ಲ ಬೇಕು. ಒಬ್ಬರೇ ಎಲ್ಲವನ್ನೂ ಮಾಡುತ್ತೇವೆ ಅಂದರೆ ನನಗಂತೂ ಅನುಮಾನ.

ಮೊದಲ ಭೇಟಿಯಲ್ಲಿ ಏನು ಕೇಳುತ್ತಾರೆ?

ಬಹಳ ಕೇಳುತ್ತಾರೆ. ಯಾವಾಗ ಶುರುವಾಯಿತು, ದಿನಕ್ಕೆ ಎಷ್ಟು, ಬೆಳಗ್ಗೆಯೇ ಬೇಕಾಗುತ್ತದಾ, ಕೊನೆಯ ಸಲ ತೆಗೆದುಕೊಂಡಿದ್ದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಬೇರೆ ಏನಾದರೂ ಜೊತೆಗೆ ತೆಗೆದುಕೊಳ್ಳುತ್ತೀರಾ, ಸಾಯಬೇಕು ಅನ್ನಿಸಿದೆಯಾ. ಕೊನೆಯ ಪ್ರಶ್ನೆಗೆ ಗಾಬರಿ ಬೇಡ. ಅದನ್ನು ಎಲ್ಲರಿಗೂ ಕೇಳಲೇಬೇಕು.

ಸಣ್ಣ ಪ್ರಶ್ನಾವಳಿಗಳೂ ಇವೆ. ‘ಕೇಜ್’ ಅನ್ನುವುದರಲ್ಲಿ ನಾಲ್ಕೇ ಪ್ರಶ್ನೆ: ಕಡಿಮೆ ಮಾಡಬೇಕು ಅನ್ನಿಸಿದೆಯಾ, ಯಾರಾದರೂ ಟೀಕಿಸಿದಾಗ ಸಿಟ್ಟು ಬಂದಿದೆಯಾ, ತಪ್ಪು ಮಾಡಿದೆ ಅನ್ನಿಸಿದೆಯಾ, ಎದ್ದ ಕೂಡಲೇ ಕುಡಿದದ್ದು ಇದೆಯಾ. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಅನ್ನುವುದರಲ್ಲಿ 10 ಪ್ರಶ್ನೆಗಳಿವೆ, ಒಟ್ಟು 40 ಅಂಕ. ಸಾಮಾನ್ಯವಾಗಿ 8 ಅಥವಾ ಹೆಚ್ಚು ಬಂದರೆ ಎಚ್ಚರವಾಗಬೇಕು.

ಲೆಕ್ಕ ಹೇಳುವಾಗ ಜನ ಅರ್ಧಕ್ಕೆ ಇಳಿಸಿ ಹೇಳುತ್ತಾರೆ. ಮನೆಯವರು ಎರಡರಷ್ಟು ಮಾಡಿ ಹೇಳುತ್ತಾರೆ. ಅನುಭವಿ ವೈದ್ಯರಿಗೆ ಇದು ಗೊತ್ತಿರುತ್ತದೆ, ಅದಕ್ಕೆ ಸಿಟ್ಟಾಗುವುದಿಲ್ಲ. ಆದರೆ ನಿಮ್ಮ ಒಳ್ಳೆಯದಕ್ಕೇ ನಿಜ ಹೇಳಿ. ಬಿಡಿಸುವಾಗ ಕೊಡುವ ಮದ್ದಿನ ಪ್ರಮಾಣ ಈ ಲೆಕ್ಕದ ಮೇಲೇ ನಿಂತಿರುತ್ತದೆ.

ನಾಳೆಯಿಂದಲೇ ಪೂರ್ತಿ ನಿಲ್ಲಿಸಿಬಿಡುತ್ತೇನೆ. ಆಗಬಹುದಾ?

ದಿನಾ ಜಾಸ್ತಿ ಕುಡಿಯುವವರು ಹಾಗೆ ಮಾಡುವ ಮೊದಲು ವೈದ್ಯರನ್ನು ಕೇಳಿ. ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಮದ್ಯ ಮೆದುಳಿನ ಓಟಕ್ಕೆ ಬ್ರೇಕ್ ಹಾಕುತ್ತದೆ. ವರ್ಷಗಟ್ಟಲೆ ಬ್ರೇಕ್ ಒತ್ತಿದ್ದರಿಂದ ಮೆದುಳು ಆಕ್ಸಿಲರೇಟರ್ ಜೋರಾಗಿ ತುಳಿಯುವುದನ್ನು ರೂಢಿ ಮಾಡಿಕೊಂಡಿರುತ್ತದೆ. ಒಮ್ಮೆಗೇ ಬ್ರೇಕ್ ತೆಗೆದರೆ ಏನಾಗುತ್ತದೆ ಊಹಿಸಿ. ಕೊನೆಯ ಗುಟುಕಿನ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ಎದೆ ಹೊಡೆದುಕೊಳ್ಳುವುದು, ವಾಂತಿ, ನಿದ್ದೆ ಇಲ್ಲದಿರುವುದು ಶುರುವಾಗುತ್ತದೆ. ಮೊದಲ 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇನ್ನೂ ಕೆಲವರಿಗೆ ದಿಕ್ಕು ತಪ್ಪಿದ ಹಾಗಾಗುತ್ತದೆ. ತಾನೆಲ್ಲಿದ್ದೇನೆ ಅಂತ ಗೊತ್ತಾಗುವುದಿಲ್ಲ, ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಜ್ವರ ಬರುತ್ತದೆ. ಇದಕ್ಕೆ ಡೆಲಿರಿಯಮ್ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಮನೆಯವರು ಗಾಳಿ ಸೋಕಿತು ಅಂದುಕೊಂಡು ಹೊತ್ತು ಕಳೆಯುವುದು ಈ ಹಂತದಲ್ಲೇ.

ಮನೋವೈದ್ಯರು ಇದನ್ನು ತಡೆಯಲು ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಮದ್ದನ್ನು ಮೊದಲು ಸಾಕಷ್ಟು ಕೊಟ್ಟು, ಕೆಲವು ದಿನಗಳಲ್ಲಿ ಇಳಿಸುತ್ತಾ ಬಂದು ನಿಲ್ಲಿಸುತ್ತಾರೆ. ಲಿವರ್ ಹಾಳಾಗಿದ್ದರೆ ಲೊರಾಜೆಪಾಮ್ ಆರಿಸಿಕೊಳ್ಳುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಇದೇನು ಬರೀ ಟಾನಿಕ್ ಅಂದುಕೊಳ್ಳಬೇಡಿ. ಕುಡಿಯುವವರ ದೇಹದಲ್ಲಿ ಅದು ಬರಿದಾಗಿರುತ್ತದೆ. ಪೂರ್ತಿ ಇಲ್ಲವಾದರೆ ಗೊಂದಲ, ಕಣ್ಣುಗುಡ್ಡೆಯ ಚಲನೆಯಲ್ಲಿ ಏರುಪೇರು, ತೂರಾಡುವ ನಡಿಗೆ ಕಾಣಿಸುತ್ತವೆ. ಅದು ವರ್ನಿಕೆ ಕಾಯಿಲೆ. ಅದಕ್ಕೆ ಕೂಡಲೇ ಇಂಜೆಕ್ಷನ್ ಬೀಳದಿದ್ದರೆ ನೆನಪಿನ ಶಕ್ತಿ ಕಾಯಂ ಆಗಿ ಹೋಗಬಹುದು. ಸುಸ್ತಾಗಿದ್ದಾರೆ ಅಂತ ಗ್ಲುಕೋಸ್ ಬಾಟಲಿ ಏರಿಸುವ ಮೊದಲು ಥಯಾಮಿನ್ ಕೊಡಬೇಕು ಅನ್ನೋದು ಇದೇ ಕಾರಣಕ್ಕೆ.

ಇನ್ನೊಂದು ವಿಷಯ. ಪದೇ ಪದೇ ಬಿಟ್ಟು, ಪದೇ ಪದೇ ಶುರು ಮಾಡಿದವರಿಗೆ ಪ್ರತಿ ಸಲದ ನಡುಕ ಹಿಂದಿನದಕ್ಕಿಂತ ಜೋರಾಗಬಹುದು. “ಹೋದ ಸಲ ಏನೂ ಆಗಲಿಲ್ಲ” ಅನ್ನೋದು ಭರವಸೆ ಅಲ್ಲ.

ನಿದ್ದೆ ಮಾತ್ರೆ, ನೋವಿನ ಮಾತ್ರೆಗೇ ಚಟ ಹತ್ತಿದ್ದರೆ?

ನಿದ್ದೆ ಮತ್ತು ಆತಂಕದ ಮಾತ್ರೆಗಳಿಗೂ ಮೇಲಿನ ಎಚ್ಚರವೇ. ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿದು ಚೂರುಚೂರೇ ಇಳಿಸಬೇಕು. ಓಪಿಯಾಯ್ಡ್ ಗುಂಪಿನ, ಅಂದರೆ ಅಫೀಮಿನ ಜಾತಿಯ, ನೋವಿನ ಮಾತ್ರೆ ಬಿಟ್ಟಾಗ ಮೈಕೈ ನೋವು, ಭೇದಿ, ಮೂಗು ಸೋರುವುದು ಸಾಕುಬೇಕು ಮಾಡುತ್ತವೆ, ಆದರೆ ಗಟ್ಟಿಮುಟ್ಟಾದವರ ಜೀವಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲ. ಅಲ್ಲಿ ಅಪಾಯ ಬೇರೆ ಕಡೆ ಇದೆ, ಮುಂದೆ ಹೇಳುತ್ತೇನೆ.

ಡಿಟಾಕ್ಸ್ ಆಯಿತಲ್ಲ, ಇನ್ನೇನು? ಮುಗೀತಲ್ವಾ?

ಈಗ ಶುರುವಾಯಿತು. ಡಿಟಾಕ್ಸ್ ಎಂದರೆ ದೇಹದಿಂದ ಮದ್ಯ ಹೊರಗೆ ಹೋಗುವಾಗ ಅಪಾಯ ಆಗದ ಹಾಗೆ ಕಾಯುವುದು, ಅಷ್ಟೇ. ವಾರ, ಹತ್ತು ದಿನದ ಕೆಲಸ. ಬೂದಿ ಮುಚ್ಚಿದ ಕೆಂಡ ಒಳಗೆ ಹಾಗೇ ಇರುತ್ತದೆ. ಹತ್ತು ದಿನದ ಮೇಲೆ ಮುಖಕ್ಕೆ ಕಳೆ ಬಂದಿದ್ದನ್ನು ನೋಡಿ ಮನೆಯವರು “ಪೂರ್ತಿ ಗುಣವಾಯಿತು” ಅಂದುಕೊಂಡು ಮುಂದಿನ ಭೇಟಿಗೆ ಬರುವುದನ್ನೇ ನಿಲ್ಲಿಸುತ್ತಾರೆ. ಈ ಕೆಲಸದಲ್ಲಿ ಇರುವವರಿಗೆ ಅತಿ ಹೆಚ್ಚು ಬೇಸರ ತರುವುದು ಇದೇ ಇರಬೇಕು.

ಹಾಗಾದರೆ ಆಮೇಲೆ ಕೊಡುವ ಮಾತ್ರೆಗಳು ಯಾವುವು?

ಕುಡಿತಕ್ಕೆ ಮುಖ್ಯವಾಗಿ ಮೂರು.

ಹಳೆಯದು ಡೈಸಲ್ಫಿರಾಮ್. ಇದರ ಕಥೆ ಚೆನ್ನಾಗಿದೆ. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕಬ್‌ಸನ್ ಇದನ್ನು ಹೊಟ್ಟೆಹುಳದ ಮದ್ದಾಗಿ ಬಳಸಬಹುದಾ ಅಂತ ನೋಡುತ್ತಿದ್ದರು. ತಾವೇ ನುಂಗಿಯೂ ನೋಡಿದರು. ಆಮೇಲೆ ಸ್ವಲ್ಪ ಮದ್ಯ ಕುಡಿದಾಗ ಮೈ ಕೆಂಪೇರಿ, ಎದೆ ಬಡಿದುಕೊಂಡು, ಹೊಟ್ಟೆ ತೊಳೆಸಿ ಕಂಗಾಲಾದರು. ಮದ್ಯ ಕರಗುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ಒಡೆಯುವ ಕಿಣ್ವವನ್ನು ಈ ಮಾತ್ರೆ ತಡೆಯುತ್ತದೆ. ಅಂದರೆ ಇದು ಆಸೆಯನ್ನು ಕಡಿಮೆ ಮಾಡುವುದಿಲ್ಲ. ಭಯವನ್ನು ಇಡುತ್ತದೆ. ಯಾರಾದರೂ ಎದುರು ನಿಂತು ದಿನಾ ನುಂಗಿಸುವ ಮನೆಗಳಲ್ಲಿ, ತಾನಾಗಿಯೇ ಒಪ್ಪಿದವರಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಪರಿಣಾಮ ಉಳಿಯಬಹುದು.

ಎರಡನೆಯದು ನಾಲ್ಟ್ರೆಕ್ಸೋನ್. ಇದು ಕುಡಿದಾಗ ಸಿಗುವ ಕಿಕ್ ಅನ್ನು ಮಂಕು ಮಾಡುತ್ತದೆ. ಒಂದು ಗ್ಲಾಸ್ ಹತ್ತಾಗುವುದು ತಪ್ಪುತ್ತದೆ. ಅಮೆರಿಕದಲ್ಲಿ ಕುಡಿತಕ್ಕೆ ಇದಕ್ಕೆ ಅನುಮತಿ ಸಿಕ್ಕಿದ್ದು 1994ರಲ್ಲಿ. ಓಪಿಯಾಯ್ಡ್ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ ಇದನ್ನು ಕೊಡುವಂತಿಲ್ಲ. ಲಿವರ್ ಕಡೆಗೂ ಕಣ್ಣಿಡಬೇಕು.

ಮೂರನೆಯದು ಅಕಾಂಪ್ರೊಸೇಟ್. ಈಗಾಗಲೇ ಬಿಟ್ಟವರಿಗೆ, ಬಿಟ್ಟ ಮೇಲಿನ ಚಡಪಡಿಕೆ ಕಡಿಮೆ ಮಾಡಲು. ಲಿವರ್‌ಗೆ ಭಾರವಿಲ್ಲ, ಕಿಡ್ನಿ ಮಾತ್ರ ಸರಿ ಇರಬೇಕು. ದಿನಕ್ಕೆ ಮೂರು ಹೊತ್ತು ನುಂಗಬೇಕು ಅನ್ನೋದೇ ಕಿರಿಕಿರಿ.

ಯಾರಿಗೆ ಯಾವುದು ಅಂತ ಆರಿಸುವುದರಲ್ಲೇ ಮನೋವೈದ್ಯರ ಕೈಚಳಕ ಇದೆ. ಪಕ್ಕದ ಮನೆಯವರಿಗೆ ಹಿಡಿಸಿದ್ದು ನಿಮಗೆ ಹಿಡಿಸಬೇಕಿಲ್ಲ.

ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಟ್ಟರೆ?

ಬೇಡ. ದಯವಿಟ್ಟು ಬೇಡ. ಡೈಸಲ್ಫಿರಾಮ್ ಒಳಗಿದೆ ಅಂತ ಗೊತ್ತಿಲ್ಲದೆ ಆ ಮನುಷ್ಯ ಎಂದಿನಂತೆ ಕುಡಿದರೆ ಬಿಪಿ ಕುಸಿದು, ಹೃದಯದ ಬಡಿತ ಏರುಪೇರಾಗಿ ಸಾಯುವ ಸಾಧ್ಯತೆಯೂ ಇದೆ. ಗೊತ್ತಿಲ್ಲದೆ ಕೊಡುವ ‘ಕುಡಿತ ಬಿಡಿಸುವ ಪುಡಿ’ಗಳ ಜಾಹೀರಾತು ನೋಡಿದರೂ ಅಷ್ಟೇ, ಅದರಲ್ಲಿ ಏನಿದೆ ಅಂತ ಯಾರಿಗೆ ಗೊತ್ತು? ಹೆಂಡತಿಯ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಒಂದು ದಿನ ವಿಷಯ ಗೊತ್ತಾದಾಗ ಉಳಿದಿದ್ದ ನಂಬಿಕೆಯೂ ಹೋಗುತ್ತದೆ. ಆಮೇಲೆ ಅವರು ಯಾವ ಮಾತ್ರೆಯನ್ನೂ ಮುಟ್ಟುವುದಿಲ್ಲ.

ಹೆರಾಯಿನ್ ಬಿಡಿಸಲು ಇನ್ನೊಂದು ಅಂಥದೇ ಮದ್ದು ಕೊಡುತ್ತಾರಂತೆ. ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದ ಹಾಗಲ್ವಾ?

ಹಾಗೆ ಕಾಣುತ್ತದೆ, ನಿಜ. ಕೆಲವು ವೈದ್ಯರೇ ಹಾಗೆ ಅಂದುಕೊಂಡಿದ್ದಾರೆ.

1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್ ಎಂಬ ವೈದ್ಯರೂ ಮೇರಿ ನಿಸ್ವಾಂಡರ್ ಎಂಬ ಮನೋವೈದ್ಯೆಯೂ ಸೇರಿ ಹೆರಾಯಿನ್ ಚಟದವರಿಗೆ ಮೆಥಡೋನ್ ಕೊಟ್ಟು ನೋಡಿದರು. 1965ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಸದಾ ಮುಂದಿನ ಡೋಸ್ ಹುಡುಕಿಕೊಂಡು ಅಲೆಯುತ್ತಿದ್ದವರು ಕೆಲಸಕ್ಕೆ, ಓದಿಗೆ, ಮನೆಗೆ ಮರಳತೊಡಗಿದ್ದರು. ಕಾರಣ ಸರಳ. ಹೆರಾಯಿನ್ ಸರ್ರನೆ ಏರಿ ಸರ್ರನೆ ಇಳಿಯುತ್ತದೆ. ಮನುಷ್ಯ ದಿನವಿಡೀ ಅಮಲು ಮತ್ತು ನರಳಾಟದ ನಡುವೆ ಜೋಕಾಲಿ ಆಡುತ್ತಿರುತ್ತಾನೆ. ಮೆಥಡೋನ್ ನಿಧಾನವಾಗಿ ಏರಿ ಇಡೀ ದಿನ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಜೋಕಾಲಿ ನಿಂತಾಗ ಬೇರೆ ಯೋಚನೆಗೆ ಜಾಗ ಸಿಗುತ್ತದೆ. ನಂತರ ಬಂದ ಬುಪ್ರೆನಾರ್ಫಿನ್ ಇನ್ನೂ ಸುರಕ್ಷಿತ, ಯಾಕಂದರೆ ಒಂದು ಮಟ್ಟ ದಾಟಿದ ಮೇಲೆ ಪ್ರಮಾಣ ಹೆಚ್ಚಿಸಿದರೂ ಉಸಿರಾಟದ ಮೇಲಿನ ಪರಿಣಾಮ ಅಷ್ಟಾಗಿ ಏರುವುದಿಲ್ಲ. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವೆರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಈಗ ಹಿಂದೆ ಹೇಳಿದ ಅಪಾಯ. ಹೆರಾಯಿನ್ ಅಥವಾ ಓಪಿಯಾಯ್ಡ್ ಮಾತ್ರೆಯನ್ನು ಕೆಲವು ವಾರ ಬಿಟ್ಟವರ ದೇಹ ಹಳೆಯ ಪ್ರಮಾಣವನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಹೊರಗೆ ಬಂದು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಂತೇ ಹೋಗಬಹುದು. ಬರೀ ಡಿಟಾಕ್ಸ್ ಮಾಡಿ ಕಳಿಸುವುದು ಅಪಾಯ ಅನ್ನುವುದು ಇದಕ್ಕೇ. ನಾಲೊಕ್ಸೋನ್ ಎಂಬ ಮದ್ದು ಅಂಥ ಹೊತ್ತಿನಲ್ಲಿ ಉಸಿರನ್ನು ಮರಳಿ ತರಬಲ್ಲದು. ಅದು ನಿಮ್ಮ ಕಡೆ ಸಿಗುತ್ತದೆಯೇ, ಮನೆಯಲ್ಲಿ ಇಟ್ಟುಕೊಳ್ಳಬಹುದೇ ಅಂತ ವೈದ್ಯರನ್ನು ಕೇಳಿ.

ಮನಸ್ಸು ಸರಿ ಇಲ್ಲ ಅಂತ ಕುಡಿಯುತ್ತಾರೋ, ಕುಡಿದು ಮನಸ್ಸು ಕೆಟ್ಟಿದೆಯೋ?

ಎರಡೂ ಆಗುತ್ತದೆ. ಇದನ್ನು ಬಿಡಿಸಿ ನೋಡುವುದೇ ಮನೋವೈದ್ಯರು ಮಾತ್ರ ಮಾಡಬಲ್ಲ ಕೆಲಸ ಅಂತ ನನ್ನ ಅನಿಸಿಕೆ.

ನಾಲ್ಕು ಜನರೆದುರು ಬಾಯಿ ಬಿಡಲು ಹೆದರುವ ಹುಡುಗನಿಗೆ ಎರಡು ಗುಟುಕು ಹೋದರೆ ಮಾತು ಬರುತ್ತದೆ. ಕೆಟ್ಟ ಘಟನೆಯೊಂದರ ನೆನಪಿನಿಂದ ರಾತ್ರಿ ಬೆಚ್ಚಿ ಏಳುವವರು ನಿದ್ದೆಗಾಗಿ ಕುಡಿಯುತ್ತಾರೆ. ಬೈಪೋಲಾರ್, ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಏರಿ ಕೆಲವು ಕಾಲ ಕುಸಿಯುವ ಕಾಯಿಲೆ ಇದ್ದವರು ಮನಸ್ಸು ಏರಿದ ದಿನಗಳಲ್ಲಿ ಮಿತಿ ಮೀರುತ್ತಾರೆ. ಇವರಿಗೆಲ್ಲ ಬರೀ ಕುಡಿತ ಬಿಡಿಸಿ ಕಳಿಸಿದರೆ ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ. ಒಳಗಿನ ಕಾಯಿಲೆ ಅವರನ್ನು ಮತ್ತೆ ಬಾಟಲಿ ಹತ್ತಿರ ಕರೆದೊಯ್ಯುತ್ತದೆ.

ಉಲ್ಟಾ ಕೂಡ ಇದೆ. ಮದ್ಯವೇ ಮನಸ್ಸನ್ನು ಕುಗ್ಗಿಸುತ್ತದೆ. ಕುಡಿಯುತ್ತಿರುವಾಗ ಖಿನ್ನತೆಯಂತೆ ಕಂಡದ್ದು, ಬಿಟ್ಟು ಎರಡರಿಂದ ನಾಲ್ಕು ವಾರದಲ್ಲಿ ತಾನಾಗಿಯೇ ಕರಗುವುದುಂಟು. ಹಾಗಾಗಿ ವೈದ್ಯರು ಕೆಲವೊಮ್ಮೆ ಕಾದು ನೋಡುತ್ತಾರೆ. ಮೊದಲ ದಿನವೇ ಖಿನ್ನತೆಯ ಮಾತ್ರೆ ಬರೆಯಲಿಲ್ಲ ಅಂತ ಬೇಜಾರಾಗಬೇಡಿ. ಆದರೆ ಸಾಯುವ ಮಾತು ಬಂದಿದ್ದರೆ, ಕುಡಿತ ಶುರುವಾಗುವ ಮೊದಲೇ ಖಿನ್ನತೆ ಇದ್ದಿದ್ದರೆ ಕಾಯುವುದಿಲ್ಲ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಶುರು ಮಾಡುತ್ತಾರೆ. “ಮೊದಲು ಕುಡಿತ ಬಿಟ್ಟು ಬಾ, ಆಮೇಲೆ ಮನಸ್ಸು ನೋಡೋಣ” ಅಂತ ಓಡಿಸುವುದು ತಪ್ಪು.

ಗಾಂಜಾ ಸೇದುವ ಹದಿಹರೆಯದವರಲ್ಲಿ ಇಲ್ಲದ ದನಿ ಕೇಳುವುದು, ಎಲ್ಲರ ಮೇಲೂ ಅನುಮಾನ ಶುರುವಾದರೆ ಒಂದು ದಿನವೂ ತಡ ಬೇಡ.

ಬರೀ ಮಾತಾಡಿ ಚಟ ಬಿಡಿಸೋಕೆ ಆಗುತ್ತಾ?

ಬುದ್ಧಿಮಾತಿನಿಂದ ಆಗುವುದಿಲ್ಲ. ಆಗುವ ಹಾಗಿದ್ದರೆ ನಿಮ್ಮ ಮನೆಯಲ್ಲಿ ಯಾವತ್ತೋ ಆಗಿರುತ್ತಿತ್ತು.

1983ರಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಬೇರೆ ದಾರಿಯೊಂದನ್ನು ಬರೆದು ತೋರಿಸಿದರು. ಚಟದವರ ಮನಸ್ಸಿನಲ್ಲಿ ‘ಬಿಡಬೇಕು’ ಮತ್ತು ‘ಬಿಡಲಾರೆ’ ಎರಡೂ ಒಟ್ಟಿಗೇ ಇರುತ್ತವೆ. ನೀವು ‘ಬಿಡು’ ಅಂತ ಎಳೆದರೆ ಅವರು ‘ಬಿಡಲಾರೆ’ ಕಡೆ ವಾಲುತ್ತಾರೆ. ಅದರ ಬದಲು ಕೇಳಿ ಕೇಳಿ, ಬಿಡುವುದಕ್ಕೆ ಕಾರಣ ಅವರ ಬಾಯಿಂದಲೇ ಬರುವ ಹಾಗೆ ಮಾಡಬೇಕು. “ಮಗಳು ನನ್ನ ಹತ್ತಿರ ಬರೋದೇ ಇಲ್ಲ ಡಾಕ್ಟ್ರೇ” ಅಂತ ಅವರು ತಾವಾಗಿ ಹೇಳಿದ ಒಂದು ಸಾಲಿಗೆ ನಿಮ್ಮ ನೂರು ಬುದ್ಧಿಮಾತಿಗಿಂತ ತೂಕ ಜಾಸ್ತಿ.

ಇನ್ನೊಂದು ಬಗೆಯ ಮಾತಿನ ಚಿಕಿತ್ಸೆಯಲ್ಲಿ ಕುಡಿಸುವ ಸಂದರ್ಭಗಳನ್ನು ಗುರುತಿಸುತ್ತಾರೆ. ಸಂಬಳದ ದಿನ, ಹಳೆಯ ಗೆಳೆಯನ ಫೋನು, ಜಗಳ, ಸುಮ್ನೆ ಕೂತ ಸಂಜೆ. ಪ್ರತಿಯೊಂದಕ್ಕೂ ಮೊದಲೇ ಏನು ಮಾಡಬೇಕು ಅಂತ ಯೋಚಿಸಿ ಇಟ್ಟುಕೊಳ್ಳುವುದು. ಜಾಗಕ್ಕೂ ಚಟಕ್ಕೂ ಎಂಥ ನಂಟು ಅನ್ನುವುದಕ್ಕೆ ವಿಯೆಟ್ನಾಂ ಯುದ್ಧದ ಸೈನಿಕರು ಒಂದು ಉದಾಹರಣೆ. 1970ರ ದಶಕದ ಮೊದಲಿಗೆ ಲೀ ರಾಬಿನ್ಸ್ ಎಂಬ ಸಂಶೋಧಕಿ ಅವರ ಬೆನ್ನು ಹಿಡಿದರು. ಅಲ್ಲಿ ಹೆರಾಯಿನ್‌ಗೆ ದಾಸರಾಗಿದ್ದವರಲ್ಲಿ ಹೆಚ್ಚಿನವರು ಅಮೆರಿಕಕ್ಕೆ ಮರಳಿದ ಮೇಲೆ ಮತ್ತೆ ಆ ಚಟಕ್ಕೆ ಬಿದ್ದಿರಲಿಲ್ಲ.

ಆಸ್ಪತ್ರೆಗೆ ಸೇರಲೇಬೇಕಾ?

ಎಲ್ಲರೂ ಸೇರಬೇಕಿಲ್ಲ. ಹಿಂದೆ ಫಿಟ್ಸ್ ಅಥವಾ ಡೆಲಿರಿಯಮ್ ಆಗಿದ್ದವರು, ಬೇರೆ ದೊಡ್ಡ ಕಾಯಿಲೆ ಇದ್ದವರು, ಸಾಯುವ ಯೋಚನೆ ಇದ್ದವರು, ಗರ್ಭಿಣಿಯರು, ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದವರು ಸೇರುವುದು ಒಳ್ಳೆಯದು. ಉಳಿದ ಹಲವರು ಬಂದುಹೋಗುತ್ತಲೇ ಬಿಡಬಹುದು. ಕಟ್ಟಿಹಾಕುವ, ಹೊಡೆಯುವ, ವೈದ್ಯರೇ ಇಲ್ಲದ ‘ಕೇಂದ್ರ’ಗಳಿಗೆ ಮಾತ್ರ ಯಾವ ಕಾರಣಕ್ಕೂ ಸೇರಿಸಬೇಡಿ.

ಅವರು ಬರಲು ಒಪ್ಪುವುದೇ ಇಲ್ಲ. ಏನು ಮಾಡುವುದು?

ನೀವು ಬನ್ನಿ. ಮನೆಯವರಿಗೂ ಮನೋವೈದ್ಯರ ಹತ್ತಿರ ಕೆಲಸ ಇದೆ. ಕುಡಿದಿದ್ದಾಗ ವಾದ ಮಾಡಬೇಡಿ, ಆ ಹೊತ್ತಿನ ಮಾತು ನೀರಿನಲ್ಲಿ ಹೋಮ ಮಾಡಿದಂತೆ. ಬೆಳಗ್ಗೆ, ತಲೆ ಸರಿ ಇದ್ದಾಗ, ಒಂದೇ ವಿಷಯ ಎತ್ತಿ. ಕುಡಿಯದ ದಿನ ಜೊತೆಗೆ ಹೊರಗೆ ಹೋಗಿ, ಚೆನ್ನಾಗಿ ಮಾತಾಡಿ. ಕುಡಿದು ಬಿದ್ದಾಗ ಆಫೀಸಿಗೆ ಫೋನ್ ಮಾಡಿ “ಜ್ವರ” ಅಂತ ಸುಳ್ಳು ಹೇಳುವುದನ್ನು ನಿಲ್ಲಿಸಿ. ಇಂಥ ಕ್ರಮವನ್ನು ಮನೆಯವರಿಗೆ ಹಂತ ಹಂತವಾಗಿ ಕಲಿಸುವ ಪದ್ಧತಿಯೇ ಇದೆ, ಅದರಿಂದ ಎಷ್ಟೋ ಜನ ಚಿಕಿತ್ಸೆಗೆ ಬಂದಿದ್ದಾರೆ. ಮನೆಯಲ್ಲಿ ಹೊಡೆತ ಇದ್ದರೆ ಇದೆಲ್ಲ ಆಮೇಲೆ. ಮೊದಲು ನೀವೂ ಮಕ್ಕಳೂ ಸುರಕ್ಷಿತ ಜಾಗಕ್ಕೆ ಹೋಗಿ.

ಆರು ತಿಂಗಳು ಬಿಟ್ಟಿದ್ದರು, ಮತ್ತೆ ಶುರುವಾಯಿತು. ಎಲ್ಲ ವೇಸ್ಟ್ ಆಯಿತಾ?

ಆರು ತಿಂಗಳು ಬಿಟ್ಟಿದ್ದರು ಅನ್ನೋದೇ ದೊಡ್ಡ ಸುದ್ದಿ. ಚಿಕಿತ್ಸೆ ಪಡೆದವರಲ್ಲಿ ಶೇಕಡಾ 40ರಿಂದ 60ರಷ್ಟು ಜನ ಮತ್ತೆ ಬೀಳುತ್ತಾರೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಬಿಪಿ, ಆಸ್ತಮಾದಲ್ಲೂ ಕಾಯಿಲೆ ಮರುಕಳಿಸುವುದು ಇದಕ್ಕಿಂತ ಕಡಿಮೆ ಏನಲ್ಲ. ಬಿಪಿ ಮತ್ತೆ ಏರಿದರೆ ಯಾರೂ “ನಿನಗೆ ನಾಚಿಕೆ ಇಲ್ವಾ” ಅನ್ನುವುದಿಲ್ಲ. ಮಾತ್ರೆ ಬದಲಿಸುತ್ತಾರೆ, ಇಲ್ಲಿಯೂ ಅದೇ ಆಗಬೇಕು.

ಒಂದು ಗ್ಲಾಸ್ ಜಾರಿದ್ದಕ್ಕೂ ಪೂರ್ತಿ ಮುಳುಗಿದ್ದಕ್ಕೂ ವ್ಯತ್ಯಾಸ ಇದೆ. “ಹೇಗೂ ಕುಡಿದಾಯಿತು, ಇನ್ನೇನು” ಅನ್ನುವ ಯೋಚನೆಯೇ ಒಂದನ್ನು ಹತ್ತು ಮಾಡುವುದು. ಆ ದಿನವೇ, ನಾಚಿಕೆ ಬಿಟ್ಟು, ವೈದ್ಯರಿಗೆ ಫೋನ್ ಮಾಡಿ. ಬೈಯುತ್ತಾರೆ ಅಂತ ಹೆದರಿ ಮೂರು ತಿಂಗಳು ತಪ್ಪಿಸಿಕೊಂಡು ಓಡಾಡುವವರೇ ಹೆಚ್ಚು. ಬಿದ್ದವರು ಮರಳಿ ಬಂದಾಗ ಬೈಯುವ ವೈದ್ಯರಾದರೆ, ಬೇರೆ ವೈದ್ಯರನ್ನು ಹುಡುಕಿ.

ಸಿಗರೇಟಿಗೂ ಮನೋವೈದ್ಯರು ಬೇಕಾ?

ಎಲ್ಲರಿಗೂ ಬೇಕಿಲ್ಲ. ನಿಕೋಟಿನ್ ಗಮ್, ಪ್ಯಾಚ್, ವರೆನಿಕ್ಲಿನ್, ಬುಪ್ರೋಪಿಯಾನ್ ಇವನ್ನು ಬೇರೆ ವೈದ್ಯರೂ ಕೊಡುತ್ತಾರೆ. ಆದರೆ ಮನಸ್ಸಿನ ಕಾಯಿಲೆಗೆ ಕ್ಲೋಜಪಿನ್ ಅಥವಾ ಓಲಾಂಜಪಿನ್ ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮೊದಲು ತಮ್ಮ ಮನೋವೈದ್ಯರಿಗೆ ಹೇಳಲೇಬೇಕು. ಸಿಗರೇಟಿನ ಹೊಗೆ ಈ ಮಾತ್ರೆಗಳನ್ನು ದೇಹದಿಂದ ಬೇಗ ಹೊರಗೆ ಹಾಕಿಸುತ್ತಿರುತ್ತದೆ. ಹೊಗೆ ನಿಂತರೆ ರಕ್ತದಲ್ಲಿ ಮದ್ದಿನ ಮಟ್ಟ ಏರುತ್ತದೆ.

ಮೊಬೈಲ್ ಗೇಮ್, ಆನ್‌ಲೈನ್ ಜೂಜು?

ಜೂಜು ಡಿಎಸ್‌ಎಮ್-5ರಲ್ಲಿ ಚಟಗಳ ಅಧ್ಯಾಯಕ್ಕೇ ಬಂದಿದೆ. ಗೇಮಿಂಗ್ ಕಾಯಿಲೆ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿಯಲ್ಲಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಆದರೆ ರಜೆಯಲ್ಲಿ ದಿನಕ್ಕೆ ಐದು ಗಂಟೆ ಆಡುವ ಹುಡುಗನಿಗೆಲ್ಲ ಈ ಹೆಸರು ಅಂಟಿಸಬೇಡಿ. ಹತೋಟಿ ತಪ್ಪಿ, ಓದು, ನಿದ್ದೆ, ಗೆಳೆಯರು ಎಲ್ಲ ಹಿಂದೆ ಬಿದ್ದು, ಸಾಮಾನ್ಯವಾಗಿ ಒಂದು ವರ್ಷ ಹಾಗೇ ನಡೆದಿದ್ದರೆ ಮಾತ್ರ. ಜೂಜಿನಲ್ಲಿ ಸಾಲ ಮತ್ತು ಆತ್ಮಹತ್ಯೆಯ ಯೋಚನೆ ಜೊತೆಜೊತೆಗೆ ಬರುತ್ತವೆ, ಅದನ್ನು ಹಗುರವಾಗಿ ನೋಡಬೇಡಿ.

ಆಲ್ಕೊಹಾಲಿಕ್ಸ್ ಅನಾನಿಮಸ್‌ಗೆ ಹೋದರೆ ಡಾಕ್ಟರ್ ಬೇಡವಾ?

ಎರಡೂ ಇರಲಿ. ಕುಡಿತ ಬಿಡಬೇಕೆನ್ನುವವರು ಒಬ್ಬರಿಗೊಬ್ಬರು ನೆರವಾಗಲು ಸೇರುವ, 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾದ ಈ ಕೂಟವನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು ಸ್ವತಃ ಶಸ್ತ್ರವೈದ್ಯರು, ಸ್ವತಃ ಕುಡಿತಕ್ಕೆ ಸಿಕ್ಕಿದ್ದವರು. ರಾತ್ರಿ ಹನ್ನೊಂದಕ್ಕೆ ಬಯಕೆ ಎದ್ದಾಗ ಫೋನ್ ಎತ್ತುವ ಗೆಳೆಯ ಅಲ್ಲಿ ಸಿಗುತ್ತಾನೆ. ಮನೋವೈದ್ಯರು ಅಷ್ಟು ಹೊತ್ತಿಗೆ ಸಿಗುವುದಿಲ್ಲ. ಅಲ್ಲಿ ಯಾರಾದರೂ “ಮಾತ್ರೆಯೂ ಒಂದು ಚಟವೇ, ಬಿಟ್ಟುಬಿಡು” ಅಂದರೆ ಆ ಮಾತು ಮಾತ್ರ ಕೇಳಬೇಡಿ.

ಎಷ್ಟು ದಿನ ಮನೋವೈದ್ಯರ ಹತ್ತಿರ ಹೋಗಬೇಕು?

ಮಾತ್ರೆಗಳು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಮೆಥಡೋನ್, ಬುಪ್ರೆನಾರ್ಫಿನ್ ಆದರೆ ವರ್ಷಗಟ್ಟಲೆ ಬೇಕಾಗಬಹುದು, ಅವಸರ ಮಾಡಿ ನಿಲ್ಲಿಸುವುದೇ ತಪ್ಪು. ಭೇಟಿಗಳು ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಇನ್ನೂ ದೂರ.

ಮೊದಲ ಸಲ ಹೋಗುವಾಗ ಏನು ತೆಗೆದುಕೊಂಡು ಹೋಗಲಿ?

ಹಳೆಯ ಚೀಟಿಗಳು, ರಕ್ತ ಪರೀಕ್ಷೆಯ ವರದಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ. ಮೆಡಿಕಲ್ ಅಂಗಡಿಯಿಂದ ತಾವೇ ತಂದ ಮಾತ್ರೆ, ಪುಡಿ, ಕಷಾಯ ಇದ್ದರೆ ಅದನ್ನೂ ಬರೆಯಿರಿ. ಮನೆಯವರೊಬ್ಬರು ಜೊತೆಗಿರಲಿ, ಆದರೆ ಸ್ವಲ್ಪ ಹೊತ್ತು ವೈದ್ಯರ ಜೊತೆ ಒಬ್ಬರೇ ಮಾತಾಡಲು ಅವಕಾಶ ಕೇಳಿ. ಹೆಂಡತಿ ಎದುರು ಹೇಳಲಾಗದ ಮಾತು ಇರುತ್ತದೆ. ದಿನಾ ಕುಡಿಯುವವರು ಭೇಟಿಯ ಹಿಂದಿನ ದಿನ ಶೂರತನ ತೋರಿಸಲು ಪೂರ್ತಿ ನಿಲ್ಲಿಸಿ ನಡುಗುತ್ತಾ ಬರಬೇಡಿ. ಕೊನೆಯ ಗುಟುಕು ಎಷ್ಟು ಗಂಟೆಗೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ, ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.